ಹೆಲ್ಮೆಟ್ಟಿನೊಳಗೆ ಮೊದಲ ಮಣೆ ಯಾರಿಗೆ?

ವಿಜಯಪುರದವರಿಗೆ ದೂರದ ಪಿಸುಮಾತು ಹೊಸದೇನಲ್ಲ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಈ ಕಡೆ ಗೋಡೆಗೆ ಮುಖ ಮಾಡಿ ಮೆಲ್ಲಗೆ ಒಂದು ಮಾತು ಅಂದ್ರೆ, ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕಿವಿ ಕೊಟ್ಟವರಿಗೆ ಅದು ಕೇಳಿಸುತ್ತದೆ. ಮೊಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ. ಅವನ ಗೋರಿಯ ಮೇಲೆ ನಿಂತ ಈ ಗುಮ್ಮಟಕ್ಕೆ ಬ್ಯಾಟರಿ ಬೇಡ, ಚಾರ್ಜರ್ ಬೇಡ. ಆದ್ರೆ ಸಾಲಿ ಮಕ್ಕಳ ಟ್ರಿಪ್ ಬಂದ ದಿನ ಹೋಗಿ ನೋಡ್ರಿ. ಎಲ್ಲರೂ ಒಮ್ಮೆಲೇ ಕೂಗುತ್ತಿರುತ್ತಾರೆ, ಯಾರ ಮಾತೂ ಯಾರಿಗೂ ಕೇಳಿಸೋದಿಲ್ಲ. ಗುಮ್ಮಟದ್ದೇನೂ ತಪ್ಪಿಲ್ಲ. ಅದರೊಳಗೆ ಯಾರ ದನಿ ಬಿಡಬೇಕು ಅನ್ನೋದನ್ನು ಯಾರೂ ಯೋಚಿಸಿಲ್ಲ, ಅಷ್ಟೇ.

ಒಂದು ವರ್ಷದಿಂದ ನಾನೂ ತಲೆ ಮೇಲೆ ಒಂದು ಸಣ್ಣ ಗುಮ್ಮಟ ಹೊತ್ತು ತಿರುಗುತ್ತಿದ್ದೇನೆ. ಹೆಲ್ಮೆಟ್ಟಿಗೆ ಬ್ಲೂಟೂತ್ ಇಂಟರ್‌ಕಾಮ್ ಹಾಕಿಸಿದ್ದೇನೆ. ನನಗೊಂದು, ಹಿಂದೆ ಕೂಡುವ ಹೆಂಡತಿಗೊಂದು. ಇದರ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಮರ್ಶೆಗಳಿವೆ. ಬ್ಯಾಟರಿ ಎಷ್ಟು ತಾಸು, ಬೇಸ್ ಹೆಂಗೈತಿ, ರೇಂಜ್ ಎಷ್ಟು, ಮಳೆಯಾಗ ನಡೀತದೋ ಇಲ್ಲೋ. ಎಲ್ಲವೂ ಸಾಧನದ ವಿಮರ್ಶೆ. ಸಾಧನದೊಳಗೆ ಓಡಾಡುವ ಮಾತಿನ ವಿಮರ್ಶೆ ಮಾತ್ರ ಎಲ್ಲೂ ಸಿಗಲಿಲ್ಲ. ಅದಕ್ಕೇ ಈ ಬರಹ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಹೆಂಡತಿಯ ತವರು ತಿಕೋಟಾ, ನಮ್ಮ ಮನೆಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಮದುವೆಯಾದಾಗಿನಿಂದ ಆ ದಾರಿಯಲ್ಲಿ ನಾವು ಆಡಿದ ಮಾತು ಎರಡೇ: "ಏನಂದಿ?" ಮತ್ತು "ಏನಿಲ್ಲ ಬಿಡ್ರಿ." ನಮ್ಮದು ಬಯಲುಸೀಮೆ, ಗಾಳಿಗೆ ತಡೆಯೇ ಇಲ್ಲ. ಆಕೆ ಹೇಳಿದ್ದು ನನ್ನ ಕಿವಿ ಮುಟ್ಟುವ ಮೊದಲೇ ಹಿಂದೆ ಹಾರಿಹೋಗುತ್ತಿತ್ತು. ಇಂಟರ್‌ಕಾಮ್ ಹಾಕಿಸಿದ ಮೊದಲ ಭಾನುವಾರ, ತೊರವಿಯ ಮಹಿಳಾ ವಿಶ್ವವಿದ್ಯಾಲಯ ದಾಟಿದ ಮೇಲೆ, ಆಕೆ ಮೆಲ್ಲಗೆ ಅಂದಳು: "ರೀ, ಸಾವಕಾಶ ಹೋಗ್ರಿ, ಈ ಸಲ ದ್ರಾಕ್ಷಿ ಪಡ ನೋಡಬೇಕು." ಇಷ್ಟು ವರ್ಷ ಅದೇ ದಾರಿಯಲ್ಲಿ ನಾನು ಟಾರು ನೋಡಿಕೊಂಡು ಹೋಗಿದ್ದೆ, ಆಕೆ ದ್ರಾಕ್ಷಿ ತೋಟಗಳನ್ನು, ಮಣೂಕ ಒಣಗಿಸುವ ಶೆಡ್ಡುಗಳನ್ನು ನೋಡಿಕೊಂಡು ಬಂದಿದ್ದಳು. ಯಾವ ತೋಟ ಯಾರದು, ಯಾರದು ಮಾರಾಟವಾಯಿತು, ಎಲ್ಲಾ ಆಕೆಗೆ ಗೊತ್ತು. ಆ ಒಂದು ದಿನಕ್ಕೇ ಕೊಟ್ಟ ರೊಕ್ಕ ಮುಟ್ಟಿತು ಅನ್ನಿಸಿತು.

ಇನ್ನು ಹಾಕಿಸುವಾಗಿನ ಮಾತು. ಸ್ಪೀಕರ್ ಕಿವಿಯ ತೂತಿಗೆ ಸರಿಯಾಗಿ ಎದುರು ಬರಬೇಕು. ಬೆರಳಿನಷ್ಟು ಆಚೀಚೆ ಆದ್ರೂ ದನಿ ಅರ್ಧಕ್ಕೆ ಇಳೀತದೆ. ಸಾವಿರಗಟ್ಟಲೆ ಸುರಿದು ತಂದವರು ಬೈಯೋದು ಬಹಳ ಸಲ ಸಾಧನವನ್ನಲ್ಲ, ತಾವೇ ತಪ್ಪು ಜಾಗಕ್ಕೆ ಅಂಟಿಸಿದ ಸ್ಪೀಕರನ್ನು. ಹೆಲ್ಮೆಟ್ಟಿನಲ್ಲಿ ಸ್ಪೀಕರಿಗೆ ಜಾಗ ಇಲ್ಲಾಂದ್ರೆ ಒಳಗಿನ ಥರ್ಮಾಕೋಲ್ ಕೊರೆದು ಕೂರಿಸಿಕೊಡುವವರೂ ಇದ್ದಾರೆ. ದಯವಿಟ್ಟು ಬೇಡ. ಬಿದ್ದಾಗ ಪೆಟ್ಟು ತಿಂದು ತಲೆ ಉಳಿಸೋದು ಆ ಥರ್ಮಾಕೋಲೇ ಹೊರತು ಮೇಲಿನ ಬಣ್ಣದ ಚಿಪ್ಪಲ್ಲ. ಮಾತು ಕೇಳಲಿಕ್ಕೆ ತಲೆ ಅಡ ಇಡೋದು ಯಾವ ಲೆಕ್ಕ?

ಡಬ್ಬಿಯ ಮೇಲೆ ಬರೆದ ರೇಂಜು ಬಯಲಿನ ಲೆಕ್ಕ. ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಂತಿದ್ದು ನಡುವೆ ಏನೂ ಅಡ್ಡ ಇಲ್ಲದಾಗ ಮಾತ್ರ ಅಷ್ಟು ದೂರ. ಬ್ಲೂಟೂತ್ ನಡೆಯೋದು 2.4 ಗಿಗಾಹರ್ಟ್ಸ್ ಅಲೆಗಳ ಮೇಲೆ, ಅವಕ್ಕೆ ಗೋಡೆ, ಲಾರಿ, ದಿಬ್ಬ ಎಲ್ಲವೂ ಅಡ್ಡಿ. ಗೆಳೆಯನೊಬ್ಬನ ಜೊತೆ ಎರಡು ಗಾಡಿಯಲ್ಲಿ ಹೋದಾಗ ತಿಕೋಟಾ ರಸ್ತೆಯಲ್ಲಿ ಅವನ ದನಿ ಚೆನ್ನಾಗಿತ್ತು. ಊರೊಳಗೆ ಗಾಂಧಿ ಚೌಕದ ಗದ್ದಲ ಸೇರುತ್ತಿದ್ದಂತೆ ಕಟ್ ಕಟ್ ಆಗಿ ನಿಂತುಹೋಯಿತು. ನಾಲ್ಕೈದು ಜನ ಹೋಗುವವರಿಗೆ ಹಳೆಯ ಬ್ಲೂಟೂತ್ ಸರಪಳಿಯಲ್ಲಿ ನಡುವಿನವನೊಬ್ಬ ತಪ್ಪಿಸಿಕೊಂಡರೆ ಸರಪಳಿಯೇ ಹರಿಯುತ್ತದೆ. ಹೊಸ ಮೆಶ್ ಸೆಟ್ಟುಗಳಲ್ಲಿ ಉಳಿದವರು ತಾವೇ ಕೂಡಿಕೊಳ್ಳುತ್ತಾರೆ. ಗಂಡ ಹೆಂಡತಿ ಒಂದೇ ಗಾಡಿ ಮೇಲಿದ್ದರೆ ಈ ಯಾವ ಖರ್ಚೂ ಬೇಕಿಲ್ಲ.

ಇನ್ನೊಂದು, ವಾಲ್ಯೂಮ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಬರೀ ಗಾಳಿಯ ಸದ್ದೇ 95 ಡೆಸಿಬೆಲ್ ಆಸುಪಾಸು ಇರುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು, ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅದರ ಅರ್ಧ ಹೊತ್ತು ಅಂತ ಕಿವಿಯ ಲೆಕ್ಕ. ಅಂದ್ರೆ 94ಕ್ಕೆ ಒಂದೇ ತಾಸು. ಆ ಗಾಳಿಯ ಮೇಲೆ ಕೇಳಿಸಲಿ ಅಂತ ದನಿ ಏರಿಸುತ್ತಾ ಹೋದರೆ ಕಿವಿಗೆ ಎರಡು ಪೆಟ್ಟು. ಕೇಳಿಸದಿದ್ದರೆ ವಾಲ್ಯೂಮ್ ಏರಿಸೋದಲ್ಲ, ಎಕ್ಸಲೇಟರ್ ಇಳಿಸೋದು.

ಈಗ ಅಸಲು ವಿಷಯ. ಕಬ್ಬಿನ ಹಂಗಾಮು. ಬಬಲೇಶ್ವರದಲ್ಲಿ ಬೀಗರ ಮನೆಯ ಕುಬಸ ಮುಗಿಸಿಕೊಂಡು ಇಬ್ಬರೂ ವಿಜಯಪುರಕ್ಕೆ ಮರಳುತ್ತಿದ್ದೆವು. ಹೊತ್ತು ಮುಳುಗಿ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬೆಂಗಳೂರಿನಿಂದ ಅಣ್ಣನ ಫೋನ್ ಬಂತು. ಕರೆ ತಾನೇ ಎತ್ತಿಕೊಳ್ಳುವಂತೆ ನಾನೇ ಸೆಟ್ ಮಾಡಿಟ್ಟಿದ್ದೆ, ಎತ್ತಿಕೊಂಡಿತು. ಅಪ್ಪನ ಹೊಲದ ಪಾಲಿನ ಮಾತು. "ಬಾವಿ ಇರೋ ಕಡೆ ನೀ ಇಟ್ಕೊಂಡು ಖುಷ್ಕಿ ನನಗ ಕೊಡ್ತೀಯೇನು?" ಅಂದ. ನಾನು ಉತ್ತರ ಹುಡುಕುತ್ತಿದ್ದೆ. ಕೈಗಳು ಹ್ಯಾಂಡಲ್ ಮೇಲೇ ಇದ್ದವು, ಕಣ್ಣೂ ರಸ್ತೆ ಮೇಲೇ ಇದ್ದವು. ಕಂಡಿದ್ದು ಮಾತ್ರ ಬಾವಿ.

ಹೆಗಲಿಗೆ ಧಡ್ ಅಂತ ಗುದ್ದಿದಂತಾಯಿತು. ಬ್ರೇಕ್ ಒತ್ತಿದೆ. ಎದುರಿಗೆ, ಒಂದಾಳು ಉದ್ದದಷ್ಟು ದೂರದಲ್ಲಿ, ಕಬ್ಬು ಹೇರಿದ ಟ್ರೇಲರಿನ ಹಿಂಭಾಗ. ಪಂಚರ್ ಆಗಿ ಅರ್ಧ ಟಾರಿನ ಮೇಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ನಾಲ್ಕು ಕಲ್ಲು ಇಟ್ಟಿದ್ದರು.

ಗಾಡಿ ಬದಿಗೆ ಹಚ್ಚಿದ ಮೇಲೆ ಹೆಂಡತಿ ಹೆಲ್ಮೆಟ್ ತೆಗೆದಳು. ಮುಖ ಬೆಳ್ಳಗಾಗಿತ್ತು. "ಆಗಿಂದ ಒದರಾಕತ್ತೀನಿ, ಟ್ರ್ಯಾಕ್ಟರ್ ಐತಿ ಟ್ರ್ಯಾಕ್ಟರ್ ಐತಿ ಅಂತ. ಕೇಳಿಸಲಿಲ್ಲೇನ್ರೀ?"

ಕೇಳಿಸಲಿಲ್ಲ. ಯಾಕಂತ ಮನೆಗೆ ಬಂದು ಪುಸ್ತಕ ತೆಗೆದು ಓದಿದೆ. ಸಾಧನ ಕೆಟ್ಟಿರಲಿಲ್ಲ, ಹೇಳಿದಂತೇ ಕೆಲಸ ಮಾಡಿತ್ತು. ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಒಂದು ಸರದಿ ಇರುತ್ತದೆ: ಮೊದಲು ಫೋನು, ಆಮೇಲೆ ಇಂಟರ್‌ಕಾಮು, ಕೊನೆಗೆ ಹಾಡು. ಫೋನ್ ಬಂದ ಕೂಡಲೇ ಇಂಟರ್‌ಕಾಮ್ ಬಾಯಿ ಮುಚ್ಚುತ್ತದೆ. ಅಂದ್ರೆ, ನನ್ನ ಬೆನ್ನಿಗೆ ಕೂತು ನನ್ನದೇ ರಸ್ತೆ ನೋಡುತ್ತಿದ್ದವಳ ದನಿಯನ್ನು ಕತ್ತರಿಸಿ, ಐನೂರು ಕಿಲೋಮೀಟರ್ ದೂರದಲ್ಲಿ ಸೋಫಾ ಮೇಲೆ ಕೂತವನ ದನಿಗೆ ನನ್ನ ಕಿವಿಯಲ್ಲಿ ಮಣೆ ಹಾಕಿತ್ತು. ಇಂಟರ್‌ಕಾಮ್ ಇಲ್ಲದಿದ್ದ ಕಾಲದಲ್ಲಾದರೂ ಆಕೆ ಕಿವಿ ಹತ್ತಿರ ಬಾಗಿ ಚೀರಿದ್ದರೆ ಒಂದಿಷ್ಟು ಕೇಳಿಸುತ್ತಿತ್ತು. ಈಗ ಆ ಕಿವಿಗೆ ಸ್ಪೀಕರ್ ಅಂಟಿತ್ತು.

ನನ್ನ ತಕರಾರು ಈ ಸರದಿಯ ಮೇಲೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕಾರಿನ ಸಿಮ್ಯುಲೇಟರಿನಲ್ಲಿ ಕೂಡಿಸಿ, ಕೆಲವರಿಗೆ ಕೈ ಬಳಸದ ಫೋನಿನಲ್ಲಿ ಗೆಳೆಯರ ಜೊತೆ, ಕೆಲವರಿಗೆ ಪಕ್ಕದ ಸೀಟಿನಲ್ಲೇ ಕೂತ ಗೆಳೆಯರ ಜೊತೆ ಮಾತಾಡಲು ಹೇಳಿದರು. ಹೆದ್ದಾರಿಯಲ್ಲಿ ಒಂದು ಗೊತ್ತಾದ ಕಡೆ ಹೊರಳಬೇಕಿತ್ತು. ಫೋನಿನಲ್ಲಿದ್ದವರಲ್ಲಿ ಸುಮಾರು ಅರ್ಧ ಮಂದಿ ಅದನ್ನು ದಾಟಿಕೊಂಡು ಮುಂದೆ ಹೋದರು. ಪಕ್ಕದವರ ಜೊತೆ ಮಾತಾಡಿದವರಲ್ಲಿ ಹೆಚ್ಚಿನವರು ಸರಿಯಾಗಿ ಹೊರಳಿದರು. ಕಾರಣ ನಮಗೂ ಗೊತ್ತಿರುವಂಥದ್ದೇ. ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ಲಾರಿ ಎದುರು ಬಂದರೆ ಮಾತು ನಿಲ್ಲಿಸುತ್ತಾರೆ, "ನೋಡಿಕೊಂಡು" ಅನ್ನುತ್ತಾರೆ. ಫೋನಿನವನಿಗೆ ಲಾರಿ ಕಾಣೋದಿಲ್ಲ, ನಾವು ಸುಮ್ಮನಾದರೆ "ಹಲೋ, ಹಲೋ" ಅನ್ನುತ್ತಾನೆ.

ಹಾಗಾಗಿ ಇಂಟರ್‌ಕಾಮ್ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಪ್ರಶ್ನೆಯೇ ತಪ್ಪು. ಅದರೊಳಗೆ ಎರಡು ಬೇರೆ ಸಾಮಾನುಗಳಿವೆ. ಒಂದೇ ರಸ್ತೆ ನೋಡುವ ಇಬ್ಬರ ಮಾತು ಒಂದು, ರಸ್ತೆ ಕಾಣದವನ ಮಾತು ಇನ್ನೊಂದು. ಮಾಡಿದವರು ಎರಡನ್ನೂ ಒಂದೇ ಡಬ್ಬಿಗೆ ತುಂಬಿ, ಎರಡನೆಯದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಕಾನೂನೂ ಇಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ 2019ರಲ್ಲಿ ಸೇರಿಸಿದ ವಿವರಣೆ ಹೇಳೋದು ಕೈಯಲ್ಲಿ ಹಿಡಿಯುವ ಸಾಧನದ ಮಾತು. ಅವತ್ತು ನನ್ನ ಕೈ ಖಾಲಿ ಇತ್ತು. ತಲೆ ಖಾಲಿ ಇರಲಿಲ್ಲ.

ಇದನ್ನು ಗೆಳೆಯನಿಗೆ ಹೇಳಿದರೆ ಅವನು ನಕ್ಕ. "ಲೇ, ಹೆಲ್ಮೆಟ್ ಸಂದಿಯೊಳಗ ಮೊಬೈಲ್ ತುರುಕಿ ಕುತ್ತಿಗಿ ಸೊಟ್ಟ ಮಾಡ್ಕೊಂಡು ಹೋಗೋರಕಿಂತ ಇದು ಬೇಶ್ ಅಲ್ಲೇನು?" ಅಂದ. ಒಪ್ಪಿದೆ. ಸೊಟ್ಟ ಕುತ್ತಿಗೆಗಿಂತ ನೆಟ್ಟಗಿನ ಕುತ್ತಿಗೆ ಬೇಶೇ. ಆದ್ರೆ ತುರುಕಿದ ಮೊಬೈಲು ಬಿದ್ದೀತು ಅನ್ನೋ ಅಂಜಿಕೆಗಾದರೂ ಅವರು ಬೇಗ ಮಾತು ಮುಗಿಸುತ್ತಾರೆ. ಇದರಲ್ಲಿ ಆ ಅಂಜಿಕೆಯೂ ಇಲ್ಲ, ಅರ್ಧ ತಾಸು ಹೊಲದ ಪಾಲು ಮಾಡಬಹುದು.

ನಾನು ಸೆಟ್ಟನ್ನು ಕಿತ್ತು ಎಸೆದಿಲ್ಲ. ಕರೆ ತಾನೇ ಎತ್ತಿಕೊಳ್ಳುವುದನ್ನು ಬಂದ್ ಮಾಡಿದ್ದೇನೆ. ಫೋನಿನ ಜೋಡಣೆಯನ್ನೇ ತೆಗೆದು ಇಂಟರ್‌ಕಾಮ್ ಮಾತ್ರ ಇಟ್ಟುಕೊಂಡಿದ್ದೇನೆ. ಕೊಳ್ಳುವವರಿಗೆ ನನ್ನ ಸಲಹೆಯೂ ಇಷ್ಟೇ: ಮೊದಲ ದಿನವೇ ಹಾಡಿನ ಬೇಸ್ ಕೇಳಬೇಡ್ರಿ. ಗಾಡಿ ನಿಲ್ಲಿಸಿ, ಹಿಂದೆ ಒಬ್ಬರನ್ನು ಕೂಡಿಸಿ, ಇನ್ನೊಬ್ಬರಿಂದ ಫೋನ್ ಮಾಡಿಸ್ರಿ. ಆವಾಗ ಹಿಂದಿನವರು "ನಿಂದರ್ಸ್ರಿ" ಅಂದದ್ದು ಕೇಳಿಸುತ್ತದೋ ಇಲ್ಲವೋ ನೋಡ್ರಿ. ಕೇಳಿಸದಿದ್ದರೆ ಫೋನು ಕಿಸೆಯಲ್ಲಿರಲಿ.

ಹೋದ ವಾರ ಮತ್ತೆ ಬಬಲೇಶ್ವರದಿಂದ ಅದೇ ಹೊತ್ತಿಗೆ ಬಂದೆವು. ಕಿಸೆಯಲ್ಲಿ ಫೋನು ಎರಡು ಸಲ ಅದುರಿತು. ಕಿವಿಯಲ್ಲಿ ಹೆಂಡತಿ "ಎಡಕ್ಕ ಎತ್ತಿನ ಬಂಡಿ ಐತಿ" ಅಂದಳು. ಲೈಟಿಲ್ಲದ ಬಂಡಿ, ನನಗಿನ್ನೂ ಕಂಡಿರಲಿಲ್ಲ. ಅಣ್ಣನಿಗೆ ಮನೆಗೆ ಬಂದು ಫೋನ್ ಮಾಡಿದೆ. ಬಾವಿಯ ಮಾತು ಇನ್ನೂ ಬಗೆಹರಿದಿಲ್ಲ.