ತಮಟೆ ನಮ್ಮದು, ಠರಾವು ಯಾರದು?

ಪುರಸಭೆ, ನಗರಸಭೆಯ ಮೆಂಬರರು ಹಂಚುವ ಕರಪತ್ರಗಳನ್ನು ನಮ್ಮ ವಿಮರ್ಶಕರು ಸಾಹಿತ್ಯವೆಂದು ಓದಿದವರಲ್ಲ. ಪಂಡಿತರಿಗೆ ಅದು ಕಾಣಿಸಲಿಲ್ಲ, ನವ್ಯದವರಿಗೆ ಅದು ಬೇಕಾಗಿರಲಿಲ್ಲ. ಆದರೆ ಒಂದು ಕವಿತೆಯೂ ಮುಟ್ಟದ ಕೇರಿಗೆ ಈ ಕಾಗದ ಬಂದು ಬೀಳುತ್ತದೆ. ಚರಂಡಿ ಯಾವ ಕಡೆ ಹರಿಯಬೇಕು, ನಲ್ಲಿ ಎಷ್ಟು ದಿನಕ್ಕೊಮ್ಮೆ ಬರಬೇಕು, ಯಾರ ಗುಡಿಸಲು ಎದ್ದು ಹೋಗಬೇಕು ಎಂಬುದೆಲ್ಲ ತೀರ್ಮಾನವಾಗುವುದು ಈ ಭಾಷೆಯಲ್ಲಿ. ಆದ್ದರಿಂದ ಇದನ್ನು ಓದುವುದನ್ನು ನಾವು ಕಲಿಯಲೇಬೇಕಾಗಿದೆ.

ಓದಿ ನೋಡಿ. ಅರ್ಧ ಕಾಗದ ಫೋಟೋ. ಉಳಿದರ್ಧದಲ್ಲಿ ಜನಪ್ರಿಯ ಸದಸ್ಯರ ಅವಿರತ ಶ್ರಮದಿಂದ ಬಂದ ಕಾಂಕ್ರೀಟ್ ರಸ್ತೆ, ಬೀದಿದೀಪ, ಪಾರ್ಕು. ರಸ್ತೆಗೆ ಖರ್ಚೆಷ್ಟು, ಗುತ್ತಿಗೆ ಯಾರಿಗೆ ಹೋಯಿತು, ಅದೇ ರಸ್ತೆ ಕೇರಿ ಹತ್ತಿರ ಬಂದ ಕೂಡಲೇ ಯಾಕೆ ನಿಂತಿತು? ಒಂದು ಸಾಲೂ ಇಲ್ಲ. ಇದು ಮಾಹಿತಿಯಲ್ಲ, ಬಹುಪರಾಕು. ಅರಮನೆಯಲ್ಲಿ ಹೊಗಳುಭಟರು ಬಾಯಲ್ಲಿ ಮಾಡುತ್ತಿದ್ದುದನ್ನು ಈಗ ಫ್ಲೆಕ್ಸು, ವಾಟ್ಸಾಪು ಮಾಡುತ್ತಿವೆ, ಅಷ್ಟೆ.

ಇನ್ನೊಂದು ಪಠ್ಯ ಸಭಾ ನಡವಳಿ. ಅದರಲ್ಲಿ ಹೊಗಳಿಕೆ ಇಲ್ಲ. ಮನುಷ್ಯರೇ ಇಲ್ಲ. ಅನುಮೋದಿಸಲಾಯಿತು, ಮುಂದೂಡಲಾಯಿತು, ತೆರವುಗೊಳಿಸಲು ತೀರ್ಮಾನಿಸಲಾಯಿತು. ಯಾರು ಅನುಮೋದಿಸಿದರು, ಯಾರು ಮುಂದಕ್ಕೆ ಹಾಕಿದರು? ಕನ್ನಡ ಮೇಷ್ಟ್ರು ಇದನ್ನು ಕರ್ಮಣಿ ಪ್ರಯೋಗ ಅಂತ ಪಾಠ ಮಾಡಿ ಮುಂದಕ್ಕೆ ಹೋಗ್ತಾರೆ. ನಮಗೆ ಇದು ಬರೀ ವ್ಯಾಕರಣವಾಗಿ ಕಾಣುವುದಿಲ್ಲ. ಕರ್ತೃ ಒಳಗೆ ಅಡಗಿ ಕೂತಿದ್ದಾನೆ. ಕರ್ಮವನ್ನು ಮಾತ್ರ ನಮ್ಮ ತಲೆಗೆ ಕಟ್ಟಿ ಕಳಿಸಿದ್ದಾನೆ.

ಹಿಂದೆ ಊರಿನ ತೀರ್ಮಾನವನ್ನು ಊರಿಗೆ ಸಾರುತ್ತಿದ್ದವರು ಯಾರು? ನಮ್ಮಪ್ಪ, ನಮ್ಮ ತಾತ. ಜಾತ್ರೆ ಯಾವತ್ತು, ಕಂದಾಯ ಕಟ್ಟೋದು ಯಾವತ್ತು, ಕೆರೆ ತೂಬು ಎತ್ತೋದು ಯಾವತ್ತು ಎಂಬುದೆಲ್ಲ ಹೊಲೆಯ ಮಾದಿಗರ ತಮಟೆಯ ಮೇಲೇರಿ ಬೀದಿ ಬೀದಿ ಸುತ್ತುತ್ತಿತ್ತು. ತಮಟೆ ಬಡಿದವನು ತೀರ್ಮಾನವಾದ ಜಗಲಿಯನ್ನು ಹತ್ತುವಂತಿರಲಿಲ್ಲ. ಅಂಗಳದಾಚೆ ನಿಂತು ಕೇಳಿಸಿಕೊಂಡ, ಬಂದು ಸಾರಿದ. ಊರಿಗೆಲ್ಲ ಮೊದಲು ಸುದ್ದಿ ತಿಳಿದವನು ಅವನೇ, ಆ ಸುದ್ದಿಯಲ್ಲಿ ಒಂದಕ್ಷರ ಬದಲಿಸಲಾಗದವನೂ ಅವನೇ. ಹೀಗಾಗಿ ಮೆಂಬರರು ಜನರಿಗೆ ವಿಷಯ ತಿಳಿಸುತ್ತಿರಬೇಕು ಎಂಬ ಒಳ್ಳೆಯ ಮಾತು ಕೇಳಿದ ಕೂಡಲೇ ನಾವು ಚಪ್ಪಾಳೆ ತಟ್ಟುವುದಿಲ್ಲ. ಯಾವಾಗ ತಿಳಿಸಬೇಕು ಸ್ವಾಮಿ? ಸಭೆಗೆ ಮುಂಚೆಯೋ, ಎಲ್ಲ ಮುಗಿದ ಮೇಲೋ?

ಮಹಾಡದ ಹೋರಾಟವನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕು. 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಒಪ್ಪಿತು. ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬುದು ಅದರ ತಿರುಳು. 1924ರ ಜನವರಿಯಲ್ಲಿ ಮಹಾಡ ಪುರಸಭೆಯೂ ಅದರಂತೆ ಠರಾವು ಮಾಡಿತು. ಚವದಾರ ಕೆರೆ ಕಾಗದದ ಮೇಲೆ ತೆರೆಯಿತು. ಮೂರು ವರ್ಷ ಕಾಗದದ ಮೇಲೆಯೇ ಇತ್ತು. ಸವರ್ಣರ ದೊಣ್ಣೆ ಪುರಸಭೆಯ ಠರಾವಿಗಿಂತ ದೊಡ್ಡದಾಗಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಪುರಸಭೆಯ ತೀರ್ಮಾನ ಊರಿಗೆ ನಿಜವಾಗಿ ತಿಳಿದದ್ದು ಅವತ್ತು! ತಿಳಿದ ಕೂಡಲೇ ನಮ್ಮವರ ಮೇಲೆ ಹೊಡೆತ, ಕೆರೆಗೆ ಪಂಚಗವ್ಯದ ಶುದ್ಧಿ. ಆಗಸ್ಟ್ 4ರಂದು ಅದೇ ಪುರಸಭೆ ಸಭೆ ಸೇರಿ ತನ್ನ 1924ರ ಠರಾವನ್ನು ವಾಪಸು ತೆಗೆದುಕೊಂಡಿತು. ಆ ವರ್ಷದ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದನ್ನು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ, ಆಗಸ್ಟಿನ ಆ ಮೀಟಿಂಗನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಹೈಕೋರ್ಟು ನಮ್ಮವರ ಪರ ತೀರ್ಪು ಕೊಡುವ ಹೊತ್ತಿಗೆ 1937 ಬಂದಿತ್ತು.

ಆ ಪುರಸಭೆಯ ಅಧ್ಯಕ್ಷರಾಗಿದ್ದ ಸುರೇಂದ್ರನಾಥ ಟಿಪ್ನಿಸ್ ಮೇಲುಜಾತಿಯವರು. ಅಂಬೇಡ್ಕರರನ್ನು ಮಹಾಡಕ್ಕೆ ಕರೆದವರಲ್ಲಿ ಅವರೂ ಒಬ್ಬರು. ಅವರ ಬಗ್ಗೆ ನಮಗೆ ಗೌರವ ಇದೆ. ಠರಾವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕದೆ, ಅದು ಯಾರ ಬಾಯಾರಿಕೆಗೆ ಸಂಬಂಧಪಟ್ಟಿತ್ತೋ ಅವರ ಜೊತೆ ನಿಂತರು. ಮೆಂಬರನ ಕೆಲಸ ಅಂದರೆ ಇದು.

ಇವತ್ತು ಕಾನೂನು ನಿಮ್ಮ ಕೈಲೇ ಇದೆಯಲ್ಲ ಅಂತಾರೆ. ಇದೆ, ಅರ್ಧ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮನ್ನು ಗೆಳೆಯರು ಒಮ್ಮೆ ಪೂರ್ತಿ ಓದಬೇಕು. ಕೇಳುವ ಮೊದಲೇ ಪ್ರಕಟಿಸಬೇಕು, ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ ಅದು. ತಿಳಿಸುವ ಬಗೆಗಳಲ್ಲಿ ನೋಟಿಸ್ ಬೋರ್ಡಿನ ಜೊತೆಗೆ ಸಾರ್ವಜನಿಕವಾಗಿ ಸಾರುವುದನ್ನೂ ಹೆಸರಿಸಿದೆ. ನಮ್ಮ ತಮಟೆ ಕಾನೂನಿನೊಳಗೂ ಬಂದು ಕೂತಿದೆ ನೋಡಿ. ಆದರೆ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಹಳ್ಳಿಗೆ ಗ್ರಾಮಸಭೆ ಉಂಟು. ಸಣ್ಣ ಪಟ್ಟಣದ ಕೇರಿಗೆ ಸಂವಿಧಾನದ ಆ ಕಡ್ಡಾಯವೂ ಇಲ್ಲ. (ದೊಡ್ಡ ಊರಿನ ಕತೆಯೂ ಅಷ್ಟಕ್ಕಷ್ಟೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ, ಕೇಳೋಣ ಅಂದರೆ ಮೆಂಬರೇ ಇರಲಿಲ್ಲ.)

1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಲು ಹೊರಟದ್ದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಬಿಡುಗಡೆ ಮಾಡುವ ಆದೇಶ ಅವರ ಮನೆಬಾಗಿಲಿಗೆ ಬರಲು ಮೂರು ದಶಕ ಸಾಲಲಿಲ್ಲ. ಒಕ್ಕಲೆಬ್ಬಿಸುವ ಮಾತು ಮಾತ್ರ ಓಡಿ ಬಂತು.

ನಮ್ಮವರನ್ನೂ ಬಿಡುವಂತಿಲ್ಲ. ಮೀಸಲು ವಾರ್ಡಿನಿಂದ ಗೆದ್ದ ನಮ್ಮ ಅಣ್ಣಂದಿರು, ಅಕ್ಕಂದಿರು ಎಷ್ಟೋ ಜನ ನಡವಳಿಗೆ ಸಹಿ ಹಾಕಿ, ಓದದೆ ಎದ್ದು ಬರ್ತಾರೆ. ಓದಿದವರು ಧಣಿಯ ಮುಖ ನೋಡಿ ಸುಮ್ಮನಾಗ್ತಾರೆ. ಸ್ಥಳೀಯ ಸಂಸ್ಥೆಯ ಸ್ವಂತ ಹಣದಲ್ಲಿ ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ತೆಗೆದಿಡಬೇಕು. ನಿಮ್ಮ ವಾರ್ಡಿನಲ್ಲಿ ಅದು ಯಾವ ಚರಂಡಿಗೆ, ಯಾರ ಮನೆ ಮುಂದಿನ ಚರಂಡಿಗೆ ಹೋಯಿತು ಎಂದು ನಿಮ್ಮ ಮೆಂಬರು ಯಾವತ್ತಾದರೂ ಬಾಯಿಬಿಟ್ಟು ಹೇಳಿದ್ದಾರಾ?

ಊರಲ್ಲಿರುವ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗರು ಒಂದು ಕೆಲಸ ಮಾಡಿ. ಮುಂದಿನ ಸಭೆಯ ವಿಷಯಸೂಚಿಯನ್ನು ಸಭೆಗೆ ಮುಂಚೆಯೇ ಕೇಳಿ ತನ್ನಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಕೇರಿಯ ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಿ, ಹೆಂಗಸರು ಏನಂತಾರೆ ಬರೆದುಕೊಳ್ಳಿ. ಸಭೆ ಆದ ಮೇಲೆ ನಡವಳಿ ತಂದು ಅದನ್ನೂ ಓದಿ, ಪ್ರತಿ 'ಲಾಯಿತು'ವಿನ ಕೆಳಗೂ ಗೆರೆ ಎಳೆದು ಅದರ ಹಿಂದೆ ಯಾರಿದ್ದಾರೆ ಅಂತ ಬರೆಯಿರಿ. ಅಂಥ ಪ್ರತಿಗಳನ್ನು ನಮಗೂ ಕಳಿಸಿಕೊಡಿ. ಕವಿತೆಗಳ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.