ಚಿಕಿತ್ಸಕರ ದೇವರು, ರೋಗಿಯ ಆಯ್ಕೆ

1980ರಲ್ಲಿ ಆಲೆನ್ ಬರ್ಗಿನ್ ಪ್ರಕಟಿಸಿದ 'ಮನೋಚಿಕಿತ್ಸೆ ಮತ್ತು ಧಾರ್ಮಿಕ ಮೌಲ್ಯಗಳು' ಎಂಬ ಲೇಖನ ಅಮೆರಿಕದ ಮನಶ್ಶಾಸ್ತ್ರಜ್ಞರನ್ನು ಕೆಣಕಿತು. ಬರ್ಗಿನ್ ಹೊರಗೆ ನಿಂತು ಕಲ್ಲೆಸೆದವರಲ್ಲ. ಮನೋಚಿಕಿತ್ಸೆಯಿಂದ ನಿಜಕ್ಕೂ ಗುಣವಾಗುತ್ತದೆಯೇ ಎಂದು ಅಳೆದು ನೋಡುವ ಸಂಶೋಧನೆಗೆ ಅವರು ಸೋಲ್ ಗಾರ್‌ಫೀಲ್ಡ್ ಜೊತೆ 1971ರಲ್ಲಿ ಸಂಪಾದಿಸಿದ ಕೈಪಿಡಿಯೇ ಆಧಾರಗ್ರಂಥವಾಗಿತ್ತು. ಅಂಥವರೇ ಚಿಕಿತ್ಸಕರ ತಾಟಸ್ಥ್ಯವೆಂಬುದು ಬರೀ ಸೋಗು ಎಂದರು. ಲೇಖನದಲ್ಲಿ ಒಂದು ಪಟ್ಟಿಯನ್ನೂ ಕೊಟ್ಟರು. ಅದರ ಒಂದು ಕಡೆ ದೈವಶ್ರದ್ಧೆಯುಳ್ಳವರ ಮೌಲ್ಯಗಳು: ಸಂಯಮ, ದಾಂಪತ್ಯನಿಷ್ಠೆ, ಕ್ಷಮೆ. ಇನ್ನೊಂದು ಕಡೆ ಅಂದಿನ ಚಿಕಿತ್ಸಾಲಯಗಳಲ್ಲಿ ಚಾಲ್ತಿಯಲ್ಲಿದ್ದವು: ತನ್ನನ್ನು ತಾನು ಹೊರಗೆಡಹುವುದು, ಮುಕ್ತ ವಿವಾಹ, ಒಳಗಿನ ಆಕ್ರೋಶವನ್ನು ಹೊರಹಾಕುವುದು. ಈ ಎರಡನೆಯ ಪಟ್ಟಿಯೂ ಒಂದು ಧರ್ಮವೇ, ಆದರೆ ವಿಜ್ಞಾನದ ಹೆಸರಿನಲ್ಲಿ ಓಡಾಡುತ್ತಿದೆ ಎಂಬುದು ಅವರ ಆರೋಪ. ನನ್ನ ಮಟ್ಟಿಗೆ ಈ ಆರೋಪಕ್ಕೆ ಇಂದಿಗೂ ಸರಿಯಾದ ಉತ್ತರ ಬಂದಿಲ್ಲ.

ಧರ್ಮಶ್ರದ್ಧೆ ಅತಿಯಾದಲ್ಲಿ ಮನಸ್ಸು ಅಸ್ವಸ್ಥ ಎಂದು ಮನೋಚಿಕಿತ್ಸಕ ಆಲ್ಬರ್ಟ್ ಎಲಿಸ್ ಅದೇ ವರ್ಷ ಎದುರೇಟು ಕೊಟ್ಟರು. ಬರ್ಗಿನ್ 1983ರಲ್ಲಿ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಶ್ರದ್ಧೆಗೂ ಮಾನಸಿಕ ಆರೋಗ್ಯಕ್ಕೂ ಪ್ರತಿಕೂಲ ಸಂಬಂಧ ಕಂಡದ್ದು ಶೇ. 23ರಷ್ಟು ಫಲಿತಾಂಶಗಳಲ್ಲಿ, ಅನುಕೂಲ ಸಂಬಂಧ ಶೇ. 47ರಲ್ಲಿ. ಉಳಿದವುಗಳಲ್ಲಿ ಯಾವ ಸಂಬಂಧವೂ ಇರಲಿಲ್ಲ. ಎಲಿಸ್ ಕೊನೆಗೆ ಮೆತ್ತಗಾದರು. 2001ರಲ್ಲಿ ಅವರು ಧಾರ್ಮಿಕ ವ್ಯಕ್ತಿಗಳ ಚಿಕಿತ್ಸೆಯ ಬಗ್ಗೆ ಪುಸ್ತಕವೊಂದರ ಸಹಲೇಖಕರಾದರು. ಜೊತೆಗೆ ಬರೆದವರಲ್ಲೊಬ್ಬರು ಬರ್ಗಿನ್ ಪಾಠ ಹೇಳುತ್ತಿದ್ದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರೇ.

ಯೂಟಾ ರಾಜ್ಯದ ಪ್ರೊವೊದಲ್ಲಿರುವ ಈ ವಿಶ್ವವಿದ್ಯಾಲಯ ಮಾರ್ಮನ್ ಚರ್ಚಿನದು. ಒಳಿತು ಕೆಡುಕುಗಳ ನಡುವೆ ಆರಿಸಿಕೊಳ್ಳುವ ಶಕ್ತಿ ದೇವರು ಮನುಷ್ಯನಿಗೆ ಕೊಟ್ಟದ್ದು ಎಂಬುದು ಆ ಮತದ ತಿರುಳು. ಬಾಲ್ಯದ ಗಾಯಗಳೋ ಪರಿಸರದ ಒತ್ತಡಗಳೋ ನಮ್ಮನ್ನು ಆಡಿಸುತ್ತವೆ ಎನ್ನುವ ಫ್ರಾಯ್ಡ್, ಸ್ಕಿನ್ನರ್‌ರನ್ನು ಅಲ್ಲಿನ ಚಿಂತಕರು ಒಪ್ಪುವಂತಿರಲಿಲ್ಲ. ಅವರಲ್ಲಿ ನನಗೆ ಎಲ್ಲರಿಗಿಂತ ಮುಖ್ಯವಾಗಿ ಕಾಣುವವರು ತತ್ತ್ವಶಾಸ್ತ್ರಜ್ಞ ಟೆರಿ ವಾರ್ನರ್. ಅವರದೊಂದು ಉದಾಹರಣೆ ಹೀಗಿದೆ. ನಡುರಾತ್ರಿ ಮಗು ಅಳುತ್ತದೆ. ಹೆಂಡತಿಗೆ ಎಚ್ಚರವಾಗುವ ಮೊದಲು ತಾನೇ ಎದ್ದು ನೋಡಬೇಕು ಎಂದು ಗಂಡನಿಗೆ ಅನ್ನಿಸುತ್ತದೆ. ಏಳುವುದಿಲ್ಲ. ಮರುಕ್ಷಣವೇ ಪಕ್ಕದಲ್ಲಿ ಮಲಗಿರುವವಳು ಅವನ ಕಣ್ಣಿಗೆ ಸೋಮಾರಿಯಾಗುತ್ತಾಳೆ, ತಾನು ದುಡಿದು ದಣಿದವನಾಗುತ್ತಾನೆ. ಅವನ ಸಿಟ್ಟು ಅವಳಿಂದ ಬಂದದ್ದಲ್ಲ. ಮಾಡಬೇಕೆಂದು ತನಗೇ ತೋಚಿದ್ದನ್ನು ಮಾಡದೆ ಬಿಟ್ಟಾಗ ಅದಕ್ಕೊಂದು ಸಮರ್ಥನೆಯಾಗಿ ಅವನೇ ಹುಟ್ಟಿಸಿಕೊಂಡದ್ದು. ಸಂಸಾರ ಮಾಡಿದ ಯಾರಿಗೂ ಇದು ಅಪರಿಚಿತವಲ್ಲ. ರೋಗಿಯನ್ನು ಕಾರಣಗಳ ಮೊತ್ತವಾಗಿ ನೋಡದೆ ಹೊಣೆ ಹೊರಬಲ್ಲ ಮನುಷ್ಯನಾಗಿ ನೋಡುವುದರಲ್ಲಿ ದೊಡ್ಡ ಗೌರವವಿದೆ, ಈ ಪರಂಪರೆಯ ಕೊಡುಗೆ ಅದು.

ಆದರೆ ಇದೇ ಮಾತು ಗಂಡನಿಂದ ಹೊಡೆತ ತಿಂದು ಬಂದ ಹೆಂಗಸಿನ ಕಿವಿಗೆ ಬಿದ್ದರೆ? ಅವಳ ಸಿಟ್ಟು ಅವಳ ಪ್ರಾಣರಕ್ಷಣೆ. ಕ್ಷಮೆಯ ಉಪದೇಶ ಅವಳನ್ನು ಮತ್ತೆ ಅದೇ ಮನೆಗೆ ಕಳಿಸೀತು. ಪಾಪದ ಗೀಳು ಹತ್ತಿದವರ ಪಾಡು ಇನ್ನೂ ಕಷ್ಟ. ಮನಸ್ಸಿನಲ್ಲಿ ಸುಳಿದುಹೋದ ಪ್ರತಿ ಯೋಚನೆಗೂ ತಾನೇ ಹೊಣೆ ಎಂದು ಹಗಲಿರುಳು ಪ್ರಾರ್ಥಿಸಿ, ತಪ್ಪೊಪ್ಪಿಕೊಂಡು ಸೋತವನಿಗೆ ಹೊಣೆಯ ಪಾಠ ವಿಷ. ಅವನಿಗೆ ಬೇಕಾದದ್ದು ಆ ಯೋಚನೆ ಅವನ ಆಯ್ಕೆಯಲ್ಲ ಎಂಬ ಭರವಸೆ.

ಸಲಿಂಗಿಗಳ ವಿಷಯದಲ್ಲಂತೂ ಈ ಪರಂಪರೆ ತನ್ನ ಮಾತಿಗೆ ತಾನೇ ತಪ್ಪಿತು. 1976ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಒಂದು ಪಿಎಚ್.ಡಿ. ಪ್ರಬಂಧದ ವಸ್ತು, ಸಲಿಂಗಿ ಗಂಡಸರಿಗೆ ಚಿತ್ರಗಳನ್ನು ತೋರಿಸುತ್ತಾ ವಿದ್ಯುತ್ ಆಘಾತ ಕೊಡುವ ಚಿಕಿತ್ಸೆ. ಆಘಾತ ಕೊಟ್ಟು ಮನಸ್ಸನ್ನು ಪಳಗಿಸುವುದು ವರ್ತನಾವಾದಿಗಳ ವಿಧಾನ. ಮನುಷ್ಯ ಯಂತ್ರವಲ್ಲ ಎಂದು ಸಾರುವ ಮತದ ನೆರಳಿನಲ್ಲೇ ಆ ಗಂಡಸರನ್ನು ಯಂತ್ರಗಳಂತೆ ರಿಪೇರಿಗೆ ಹಾಕಲಾಯಿತು. ಆಯ್ಕೆಯ ಸ್ವಾತಂತ್ರ್ಯ ಚರ್ಚಿಗೆ ಒಪ್ಪಿತವಾದ ಆಯ್ಕೆಗೆ ಮಾತ್ರ ಎಂದಾದರೆ ಅದು ಸ್ವಾತಂತ್ರ್ಯ ಹೇಗಾದೀತು? ಅಪ್ರಾಪ್ತರ ಮೇಲೆ ಇಂಥ 'ಪರಿವರ್ತನಾ ಚಿಕಿತ್ಸೆ' ಮಾಡದಂತೆ ಪರವಾನಗಿ ಪಡೆದ ಚಿಕಿತ್ಸಕರನ್ನು ಯೂಟಾ ತಡೆದದ್ದು 2020ರಲ್ಲಿ. ಆಗಲೂ ಪಾದ್ರಿಗಳಿಗೆ ವಿನಾಯಿತಿ ಇತ್ತು.

ಹಾಗಾದರೆ ನಂಬಿಕೆಯನ್ನು ಚಿಕಿತ್ಸೆಯಿಂದ ಹೊರಗಿಡಬೇಕೇ? ಬೇಡ ಎನ್ನಲು ನನ್ನಲ್ಲಿರುವ ಗಟ್ಟಿ ಕಾರಣ ರೆಬೆಕ್ಕಾ ಪ್ರೊಪ್ಸ್ಟ್ 1992ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಅಧ್ಯಯನ. ಖಿನ್ನತೆಯಲ್ಲಿದ್ದ 59 ಮಂದಿ ಶ್ರದ್ಧಾವಂತರಲ್ಲಿ ಕೆಲವರಿಗೆ ಮಾಮೂಲಿ ಅರಿವಿನ ಚಿಕಿತ್ಸೆ ಸಿಕ್ಕಿತು. ಕೆಲವರಿಗೆ ಅದೇ ಚಿಕಿತ್ಸೆ, ಅವರ ಧರ್ಮದ ತರ್ಕ ಮತ್ತು ಪ್ರತಿಮೆಗಳೊಂದಿಗೆ. ಅತ್ಯುತ್ತಮ ಫಲ ಸಿಕ್ಕಿದ್ದು ಧಾರ್ಮಿಕರಲ್ಲದ ಚಿಕಿತ್ಸಕರು ಧಾರ್ಮಿಕ ಚಿಕಿತ್ಸೆ ಕೊಟ್ಟಾಗ! ಅಲ್ಲಿ ಕೆಲಸ ಮಾಡಿದ ನಂಬಿಕೆ ರೋಗಿಯದು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದ ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದ ಕಥೆಯೂ ಇದಕ್ಕೆ ಹತ್ತಿರದ್ದು. ಗುಣವಾಗಲೆಂದು ಅಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳ ರೋಗಲಕ್ಷಣಗಳು ಸರಾಸರಿ ಸುಮಾರು ಶೇ. 20ರಷ್ಟು ಇಳಿದಿದ್ದವು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ಹಾಗಾಗಿ ಇದರಿಂದ ಬಹಳ ದೂರ ಹೋಗಲಾಗದು. ಆದರೆ ಅಲ್ಲಿ ಯಾರೂ ವಿಶೇಷ ಚಿಕಿತ್ಸಾವಿಧಿ ನಡೆಸುತ್ತಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಬರ್ಗಿನ್ ಮತ್ತು ಸ್ಕಾಟ್ ರಿಚರ್ಡ್ಸ್ 1997ರ ತಮ್ಮ ಪುಸ್ತಕದಲ್ಲಿ ರೋಗಿಯ ಶ್ರದ್ಧೆಯ ಹಿನ್ನೆಲೆಯನ್ನು ಮೊದಲು ಕೇಳಿ ತಿಳಿಯಿರಿ, ನಿಮ್ಮ ಮೌಲ್ಯಗಳನ್ನು ಹೇರಬೇಡಿ ಎನ್ನುತ್ತಾರೆ. ಇಡೀ ಪರಂಪರೆಯಲ್ಲಿ ನಾನು ಉಳಿಸಿಕೊಳ್ಳಲು ಬಯಸುವ ಭಾಗ ಇದು. ದೇವರು ನಿಮಗೆ ಆಸರೆಯೋ, ಭಯವೋ ಎಂದು ರೋಗಿಯನ್ನು ಕೇಳಿ ಉತ್ತರಕ್ಕೆ ಕಿವಿಗೊಡಲು ಚಿಕಿತ್ಸಕ ಮಾರ್ಮನ್ ಆಗಿರಬೇಕಿಲ್ಲ, ಆಸ್ತಿಕನೂ ಆಗಿರಬೇಕಿಲ್ಲ.