ಸಾಂಬ್ರಾ ಸೀಮೆಯ ಆಕಾಶ

ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾ ವಿಮಾನ ನಿಲ್ದಾಣ 1942ರದ್ದು, ಎರಡನೇ ಮಹಾಯುದ್ಧದ ಕೂಸು. ವಾಯುಪಡೆಯ ತರಬೇತಿ ಶಾಲೆಯೂ ಅಲ್ಲೇ ಇದೆ. ಮನೆಯ ಮಾಳಿಗೆ ಮೇಲೆ ನಿಂತು ಮಿಲಿಟರಿ ವಿಮಾನ ಗುರುತಿಸುವ ಹವ್ಯಾಸಕ್ಕೆ ಇದು ಹೇಳಿ ಮಾಡಿಸಿದ ಊರು.

ಈ ವಿದ್ಯೆಯಲ್ಲಿ ಕಣ್ಣಿಗಿಂತ ಕಿವಿ ಮೊದಲು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; 5 ಕಿ.ಮೀ. ಎತ್ತರದಿಂದ ಕೆಳಗಿಳಿಯಲು ಅದಕ್ಕೆ ಹದಿನೈದು ಸೆಕೆಂಡು ಬೇಕು. ಅಷ್ಟರಲ್ಲಿ ಜೆಟ್ ಎಲ್ಲೋ ಹೋಗಿರುತ್ತದೆ. ಪಳಗಿದವರು ಸದ್ದು ಬಂದ ಕಡೆ ನೋಡುವುದೇ ಇಲ್ಲ, ಅದರ ಮುಂದೆ ಹುಡುಕುತ್ತಾರೆ.

1984ರಿಂದ ವಾಯುಪಡೆಯಲ್ಲಿರುವ ಆಂಟೊನೊವ್-32 ಸಾಗಣೆ ವಿಮಾನವನ್ನು ಒಮ್ಮೆ ಸರಿಯಾಗಿ ಕಂಡರೆ ಸಾಕು, ಮರೆಯುವುದಿಲ್ಲ. ರೆಕ್ಕೆ ಬೆನ್ನ ಮೇಲೆ, ಎಂಜಿನ್ ರೆಕ್ಕೆಯ ಮೇಲೆ. ದೊಡ್ಡ ಪ್ರೊಪೆಲರ್‌ಗೆ ಜಾಗ ಸಿಗಲೆಂದು ಮಾಡಿದ ಈ ಉಪಾಯ ಅದಕ್ಕೆ ಹೆಗಲೇರಿಸಿ ನಿಂತ ಪೈಲ್ವಾನನ ಠೀವಿ ಕೊಟ್ಟಿದೆ.

ಖಾನಾಪುರದ ಕಾಡು, ಘಟ್ಟ ದಾಟಿದರೆ ಗೋವಾ. ಅಲ್ಲಿ ದಾಬೋಲಿಮ್‌ನಲ್ಲಿ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಹಂಸ. ಅಲ್ಲಿನ ಪಿ-8ಐ ಗಸ್ತು ವಿಮಾನ ಬೋಯಿಂಗ್ 737ರ ಒಡಲಿನದೇ ಆದ್ದರಿಂದ ಪ್ರಯಾಣಿಕ ವಿಮಾನವೆಂದು ಮೋಸಹೋಗುವವರೇ ಹೆಚ್ಚು. ರೆಕ್ಕೆಯ ತುದಿ ಮೇಲಕ್ಕೆ ಮಡಚಿಲ್ಲ, ಹಿಂದಕ್ಕೆ ಓರೆಯಾಗಿದೆ. ಬಾಲದಲ್ಲಿ ಜಲಾಂತರ್ಗಾಮಿಯ ಕಾಂತೀಯ ಸುಳಿವು ಹಿಡಿಯುವ ಕೋಲು ಚಾಚಿದೆ. ಇಷ್ಟನ್ನು ಕೆಳಗಿನಿಂದ ಗುರುತಿಸುವ ಕಣ್ಣಿಗೆ ತಲೆದೂಗಲೇಬೇಕು!

ಹೆಲಿಕಾಪ್ಟರ್ ಸುಲಭ, ಅಲಗು ಎಣಿಸಿದರಾಯಿತು: ಚೇತಕ್‌ಗೆ ಮೂರು, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಧ್ರುವ್‌ಗೆ ನಾಲ್ಕು, ಮಿ-17ಕ್ಕೆ ಐದು. ತಿರುಗುವಾಗ ಎಣಿಸಲಾಗದು ನಿಜ. ಆದರೆ ಬಡಿತದ ಲಯ ಬೇರೆಬೇರೆ, ಮಳೆಗಾಲದ ಮೋಡದೊಳಗಿಂದಲೂ ಕೇಳುತ್ತದೆ.